ಕಾರವಾರದ ಬೇಸಿಗೆ

ಕಾರವಾರ ನೋಡುವುದಕ್ಕೆ ಹಳೆಯ ಊರು, ವಯಸ್ಸಿನಲ್ಲಿ ಅಷ್ಟು ಹಳೆಯದಲ್ಲ. ಇತಿಹಾಸದ ಪುಸ್ತಕಗಳಲ್ಲಿ ಬರುವ ಕಾರವಾರ ಬೇರೆ. 1638ರಲ್ಲಿ ಇಂಗ್ಲಿಷ್ ವರ್ತಕರು ಬಂದು ಕೋಠಿ ಹಾಕಿ, ಘಟ್ಟದಿಂದಿಳಿಯುವ ಮೆಣಸನ್ನೂ ಹುಬ್ಬಳ್ಳಿ ಸೀಮೆಯ ನವಿರು ಬಟ್ಟೆಯನ್ನೂ ಹಡಗಿಗೆ ತುಂಬಿಸುತ್ತಿದ್ದ ಆ ಕಾರವಾರ ಕಾಳಿ ನದಿಯ ದಂಡೆಯಲ್ಲಿ, ಈಗಿನ ಪೇಟೆಗೆ ಮೂರು ಮೈಲು ಮೂಡಲಿಗಿತ್ತು. ಇಂದು ನಾವು ಕಾರವಾರವೆನ್ನುವ ಜಾಗದಲ್ಲಿ ಆಗ ಇದ್ದದ್ದು ಮೀನುಗಾರರ ಕೇರಿ, ತೆಂಗಿನ ಮರ, ಹೊಯ್ಗೆ, ಅಷ್ಟೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದ ಮೇಲೆ ಇಲ್ಲಿಗೆ ಕಲೆಕ್ಟರರ ಕಚೇರಿ ಬಂತು, ಕೋರ್ಟು ಬಂತು, ಅವುಗಳ ಬೆನ್ನಿಗೆ ವಕೀಲರು, ಗುಮಾಸ್ತರು, ಮಾಸ್ತರರು ಬಂದರು. ಅಂದಿನಿಂದ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ, ತೊಂಬತ್ತನಾಲ್ಕು ವರ್ಷ, ಕಾರವಾರದವರಿಗೆ ರಾಜಧಾನಿಯೆಂದರೆ ಮುಂಬಯಿಯೇ. ಅಪೀಲು ಹೋಗುವುದು ಮುಂಬಯಿಗೆ, ನೌಕರಿ ಹುಡುಕುವುದು ಮುಂಬಯಿಯಲ್ಲಿ. ಮುಂಬಯಿ, ಪುಣೆಯ ಕನ್ನಡಿಗರ ಮನೆಗಳಲ್ಲಿ ಉತ್ತರ ಕನ್ನಡದ ಮಾತು ಇಷ್ಟು ಹಿಂದಿನಿಂದ ಕೇಳಿಬರುವುದಕ್ಕೆ ಈ ತೊಂಬತ್ತನಾಲ್ಕು ವರ್ಷಗಳೂ ಒಂದು ಕಾರಣ.

ಹೀಗೆ ಹುಟ್ಟಿದ ಊರು ಮೊದಲಿನಿಂದಲೂ ಬಂದುಹೋಗುವವರ ಊರಾಯಿತು. ಅಧಿಕಾರಿಗಳಿಗೆ ವರ್ಗಾವಣೆ, ಮೆಟ್ರಿಕ್ ಮುಗಿಸಿದ ಹುಡುಗರಿಗೆ ಮುಂಬಯಿ ಇಲ್ಲವೇ ಧಾರವಾಡ, ಮದುವೆಯಾದ ಹೆಣ್ಣುಮಕ್ಕಳಿಗೆ ಅಂಕೋಲೆ, ಕುಮಟೆ, ಗೋವೆ. ಇಲ್ಲಿ ಇದ್ದವರೆಲ್ಲ ಇನ್ನೆಷ್ಟು ಬೇಸಿಗೆ ಉಳಿದಿದೆಯೆಂದು ಎಣಿಸಿಕೊಂಡೇ ಇದ್ದವರು. ಬಿಟ್ಟು ಹೋಗಬೇಕಾದವರು ಆ ಕಡಲ ದಂಡೆಯನ್ನು ಹೇಗೆ ಅನುಭವಿಸಿದರು ಎಂಬುದನ್ನು ಗೆಜೆಟಿಯರುಗಳು ಬರೆದಿಟ್ಟಿಲ್ಲ. ಅವು ಮೆಣಸಿನ ಖಂಡಿಗಳನ್ನು ಎಣಿಸುತ್ತವೆ. ಆದರೂ ಅಲ್ಲಿ ಇಲ್ಲಿ ಸಿಗುವ ಸಂಗತಿಗಳನ್ನು ಜೋಡಿಸಿದರೆ ಒಂದು ಚಿತ್ರ ಮೂಡುತ್ತದೆ.

ಮೊದಲು, ಆ ದಂಡೆ ಅಷ್ಟು ಕಾಲ ತೆರೆದೇ ಉಳಿದದ್ದು ಹೇಗೆ ಎಂಬುದನ್ನು ನೋಡಬೇಕು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತು, ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅದನ್ನು ಹಡಗಿಗೇರಿಸಲು ಕಾರವಾರದ ಬೈತಕೋಲಕ್ಕಿಂತ ಹತ್ತಿರದ ಒಳ್ಳೆಯ ರೇವು ಬ್ರಿಟಿಷ್ ಸೀಮೆಯಲ್ಲಿರಲಿಲ್ಲ. ಗುಡ್ಡದ ಮರೆಯಲ್ಲಿರುವ ಆ ರೇವಿನಲ್ಲಿ ಮಳೆಗಾಲದಲ್ಲೂ ಹಡಗಿಗೆ ಆಸರೆ ಸಿಗುತ್ತದೆ. ದೀಪಸ್ತಂಭ ಎದ್ದಿತು, ಘಟ್ಟಕ್ಕೆ ರಸ್ತೆಯಾಯಿತು, ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುತ್ತದೆಂದು ಜನ ನಂಬಿದರು. ರೈಲು ಬರಲಿಲ್ಲ. 1870ರ ದಶಕದಲ್ಲೇ ಆ ಆಸೆ ಆರಿತು. 1888ರ ಹೊತ್ತಿಗೆ ಹಳಿ ಪೋರ್ತುಗೀಜರ ಮುರ್ಮುಗೋವೆಯನ್ನು ಮುಟ್ಟಿದ ಮೇಲೆ ಕಾರವಾರದ ವ್ಯಾಪಾರವೂ ಅತ್ತ ಸರಿಯಿತು. ಊರಿನ ವರ್ತಕರಿಗೆ ಇದು ದೊಡ್ಡ ಪೆಟ್ಟು. ಹುಬ್ಬಳ್ಳಿಯಿಂದ ಉತ್ತರ ಕನ್ನಡದ ಕಡಲಿಗೆ ನೇರ ಹಳಿ ಇಂದಿಗೂ ಇಲ್ಲ. ಆದರೆ ಆ ರೈಲು ಬಂದಿದ್ದರೆ ಕೋಡಿಬಾಗದಿಂದ ಬೈತಕೋಲದವರೆಗಿನ ಆ ಹೊಯ್ಗೆಯಲ್ಲಿ ಗೋದಾಮು, ಯಾರ್ಡು, ಧಕ್ಕೆ ಬಿಟ್ಟರೆ ಬೇರೇನೂ ಉಳಿಯುತ್ತಿರಲಿಲ್ಲ. ವರ್ತಕರ ನಷ್ಟ ಮಕ್ಕಳಿಗೆ ಲಾಭವಾಯಿತೆಂದು ನಾನು ಹೇಳಿದರೆ ಕಾರವಾರದ ಹಿರಿಯರು ಕೋಪಿಸಿಕೊಳ್ಳಬಾರದು.

ಆ ದಂಡೆಯ ಗಾಳಿಮರಗಳೂ ಹೊಸಬರೇ. ಅರಣ್ಯ ಇಲಾಖೆಯವರು 1868ರ ಸುಮಾರಿಗೆ ಉರುವಲಿಗೆಂದು ಇಲ್ಲಿಯ ಹೊಯ್ಗೆಯಲ್ಲಿ ಅವನ್ನು ನೆಡಿಸಿದರು. ಭಾರತದಲ್ಲಿ ಗಾಳಿಮರದ ನೆಡುತೋಪುಗಳಲ್ಲಿ ತೀರ ಮೊದಲಿನವು ಎಂದು ಇವನ್ನು ಹೇಳುತ್ತಾರೆ. ಉಪ್ಪುಗಾಳಿಗೆ ಜಗ್ಗದ ಮರ, ನೀರು ಹೆಚ್ಚು ಬೇಡ, ಬೆಳೆಯುವುದೂ ಬೇಗ. ಉರಿಸಲೆಂದು ನೆಟ್ಟದ್ದು ನೆರಳಾಯಿತು. ಗಾಳಿ ಬೀಸಿದಾಗ ಅದರ ಎಲೆಯಿಂದ ಬರುವ ಸುಯ್ ಎನ್ನುವ ಸದ್ದು ಕಡಲಿನದೋ ಮರದ್ದೋ ಎಂದು ಹೊಸಬರಿಗೆ ತಿಳಿಯುವುದಿಲ್ಲ.

ಇನ್ನು ಬೇಸಿಗೆಯ ವಿಷಯ. ಕರಾವಳಿಯ ಬೇಸಿಗೆ ಘಟ್ಟದ ಮೇಲಿನದರಂತೆ ಸುಡುವುದಿಲ್ಲ, ಬೇಯಿಸುತ್ತದೆ. ಬೆಳಿಗ್ಗೆ ನೆಲದಿಂದ ಕಡಲಿಗೆ ಗಾಳಿ. ಹತ್ತು ಗಂಟೆಗೆ ಅದು ನಿಂತು ಎಲೆ ಅಲುಗದ ಸೆಕೆ. ಮಧ್ಯಾಹ್ನ ದಾಟಿದ ಮೇಲೆ ಪಡುವಣ ಗಾಳಿ ಬೀಸತೊಡಗಿದರೆ ಊರಿಗೆ ಜೀವ ಬರುತ್ತದೆ. ಆದ್ದರಿಂದ ಇಲ್ಲಿಯ ಬೇಸಿಗೆಯ ಸುಖಗಳೆಲ್ಲ ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ. ನಡುವಿನ ಹೊತ್ತು ಒಳಗೆ, ತಣ್ಣನೆ ನೆಲದ ಮೇಲೆ, ಮುರುಗಲಿನ ಪಾನಕದ ಲೋಟದೊಂದಿಗೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿರುತ್ತಿದ್ದವು. ಕಾಗೆ ಕಾಯುವ ಕೆಲಸ ಮನೆಯಲ್ಲಿ ಯಾರು ಚಿಕ್ಕವರೋ ಅವರದು. ಕಾಯುವವರೇ ಅರ್ಧ ಒಣಗಿದ ಹಪ್ಪಳ ತಿನ್ನುವುದನ್ನು ದೊಡ್ಡವರು ಕಂಡೂ ಕಾಣದಂತೆ ಇರುತ್ತಿದ್ದರು.

ಸಂಜೆಯ ಸುಖಗಳಲ್ಲಿ ದೊಡ್ಡದು ಅಳಿವೆಯದು. ಕಾಳಿ ಕಡಲನ್ನು ಸೇರುವಲ್ಲಿ ಇಳಿತದ ಹೊತ್ತಿಗೆ ಕೆಸರುಮರಳಿನ ದಿಬ್ಬಗಳು ಬಯಲಾಗುತ್ತವೆ. ಅಲ್ಲಿ ಚಿಪ್ಪಿಕಲ್ಲು ಹೆಕ್ಕುವುದು ಮೀನುಗಾರ ಹೆಂಗಸರ ಕಸುಬು, ಪೇಟೆಯ ಮಕ್ಕಳಿಗೆ ಆಟ. ದಿನಕ್ಕೆರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಇಳಿಯುವುದರಿಂದ ಬುಟ್ಟಿ ಬೇಗ ತುಂಬುತ್ತದೆ. ಹೀಗಾಗಿ ಕಾರವಾರದ ಮಕ್ಕಳಿಗೆ ತಿಥಿ ತಿಳಿಯುವುದಕ್ಕೆ ಪಂಚಾಂಗ ಬೇಕಿರಲಿಲ್ಲ. ಕಾಲ ಬೆರಳಿನಿಂದ ಕೆಸರು ತಡಕಿ, ಗಟ್ಟಿಯಾದದ್ದು ತಾಗಿದರೆ ಬಗ್ಗಿ ತೆಗೆಯುವುದು. ಮಳೆ ಬಂದು ಹೊಳೆಗೆ ಸಿಹಿನೀರು ಇಳಿದರೆ ಆ ಆಟ ಮುಗಿಯಿತು. ಮೇ ಕೊನೆಯ ಇಳಿತಗಳಿಗೆ ಅದಕ್ಕೇ ಅಷ್ಟು ಅವಸರ.

ಅಳಿವೆ ದಾಟಿ ಸದಾಶಿವಗಡಕ್ಕೆ ಹೋಗುವುದೂ ಒಂದು ಸಂಭ್ರಮವೇ. 1980ರ ದಶಕದ ಆರಂಭದಲ್ಲಿ ಸೇತುವೆಯಾಗುವವರೆಗೆ ಕೋಡಿಬಾಗದಲ್ಲಿ ತಾರಿ ಕಾಯಬೇಕಿತ್ತು. ಕೆಲಸವಿದ್ದವರಿಗೆ ಅದು ಕಿರಿಕಿರಿ. ಬೇಸಿಗೆ ರಜೆಯವರಿಗೆ ಪುಕ್ಕಟೆ ಜಲವಿಹಾರ. (ಆ ಸೇತುವೆಯೂ ಈಗ ಇಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಹೊಳೆಗೆ ಬಿತ್ತು.)

ಇದೇ ಕಾಳಿಯ ಮೇಲೆ 1883ರಲ್ಲಿ ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದವರೊಬ್ಬರು ಬಂಗಾಳದ ಇಪ್ಪತ್ತೆರಡು ವರ್ಷದ ತರುಣ, ರವೀಂದ್ರನಾಥ ಠಾಕೂರರು. ಅವರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸು ಮಾಡಿದ ಮೊದಲ ಭಾರತೀಯರು. ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ರವೀಂದ್ರರು ತಮ್ಮ ನೆನಪಿನ ಪುಸ್ತಕ 'ಜೀವನಸ್ಮೃತಿ'ಯಲ್ಲಿ ಕಾರವಾರಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಅರ್ಧಚಂದ್ರಾಕಾರದ ದಂಡೆ, ಅದರಂಚಿನ ಗಾಳಿಮರಗಳ ಕಾಡು, ಗುಡ್ಡಗಳ ನಡುವೆ ಬಂದು ಸೇರುವ ಹೊಳೆ, ಎಲ್ಲ ಅಲ್ಲಿವೆ. ಅವರು ಕಾಡೆಂದು ಕಂಡ ಆ ಮರಗಳಿಗೆ ಆಗ ಹದಿನೈದು ವರ್ಷವಷ್ಟೇ ಎಂಬುದನ್ನು ಗಮನಿಸಬೇಕು. ಆ ರಾತ್ರಿ ಅವರ ತಂಡ ಹೊಳೆಯಲ್ಲಿ ಮೇಲಕ್ಕೆ ಹೋಗಿ, ಶಿವಾಜಿಯದೆಂದು ಅವರು ಬರೆಯುವ ಒಂದು ಗುಡ್ಡದ ಕೋಟೆಯ ಬಳಿ ಇಳಿದು, ಒಬ್ಬ ರೈತನ ಗುಡಿಸಿದ ಅಂಗಳದಲ್ಲಿ ಕುಳಿತು ಬುತ್ತಿ ಉಂಡಿತು. ಮರಳುವಾಗ ದೋಣಿಯನ್ನು ಇಳಿತಕ್ಕೆ ಬಿಟ್ಟರು. ಅಳಿವೆ ಮುಟ್ಟುವುದಕ್ಕೇ ಬಹಳ ಹೊತ್ತು ಹಿಡಿದದ್ದರಿಂದ ಅಲ್ಲಿ ಇಳಿದು ಹೊಯ್ಗೆಯ ಮೇಲೆ ನಡೆದೇ ಮನೆಗೆ ಹೋದರು. ಮನೆ ಸೇರಿದ ಮೇಲೆ ನಿದ್ದೆ ಬಾರದೆ ಒಂದು ಕವಿತೆ ಬರೆದರು. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನೂ ಕಾರವಾರದಲ್ಲೇ ಬರೆದರು. ಅದು 1884ರಲ್ಲಿ ಅಚ್ಚಾಯಿತು. ಪ್ರಪಂಚವನ್ನು ಗೆದ್ದೆನೆಂದು ಬೀಗುವ ಒಬ್ಬ ಸಂನ್ಯಾಸಿ ಅನಾಥ ಹುಡುಗಿಯೊಬ್ಬಳ ಅಕ್ಕರೆಗೆ ಸೋಲುವ ಕಥೆ.

ಅಂದಹಾಗೆ, ನಮ್ಮ ಕಡೆ ಗುಡ್ಡದ ಮೇಲೊಂದು ಕೋಟೆಯಿದ್ದರೆ ಅದನ್ನು ಶಿವಾಜಿಗೆ ಒಪ್ಪಿಸಿಬಿಡುವ ರೂಢಿಯಿದೆ. ಅಳಿವೆಯ ಮೇಲಿನ ಸದಾಶಿವಗಡವನ್ನು ಕಟ್ಟಿಸಿದವರು ಸೋದೆಯ ಅರಸರು, ಅದೂ 18ನೆಯ ಶತಮಾನದ ಆದಿಯಲ್ಲಿ. ಶಿವಾಜಿ 1680ರಲ್ಲೇ ತೀರಿಕೊಂಡಿದ್ದ.

ಠಾಕೂರರ ಬರಹದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕವಿತೆಯಲ್ಲ. ಜಡ್ಜ್ ಸಾಹೇಬರ ಮನೆಯವರು ಬೇರೇನೂ ಹೊಸದು ಮಾಡಲಿಲ್ಲ. ಅಳಿವೆಯ ಅಂಬಿಗ, ಚಿಪ್ಪಿಕಲ್ಲಿನ ಹೆಂಗಸು, ಶಾಲೆಯ ಹುಡುಗ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು: ದೋಣಿಯಲ್ಲಿ ಹೋದರು, ಇಳಿತಕ್ಕೆ ಸಿಕ್ಕರು, ಹೊಯ್ಗೆಯ ಮೇಲೆ ನಡೆದರು. ಈ ಸುಖಕ್ಕೆ ಟಿಕೇಟಿಲ್ಲ, ಕ್ಲಬ್ಬಿನ ಸದಸ್ಯತ್ವವಿಲ್ಲ. ದಂಡೆ ಯಾರದೂ ಅಲ್ಲದ್ದರಿಂದ ಎಲ್ಲರದೂ ಆಗಿತ್ತು. ಕಾರವಾರದಲ್ಲಿ ಕೆಲವೇ ತಿಂಗಳಿದ್ದ ಠಾಕೂರರು ಅದೇ ವರ್ಷದ ಡಿಸೆಂಬರಿನಲ್ಲಿ ಮದುವೆಯಾದರು. ಮತ್ತೆ ಮೂರು ದಶಕ ಕಳೆದ ಮೇಲೆ ಆ ಅಧ್ಯಾಯ ಬರೆದರೂ ಹೊಯ್ಗೆಯ ನಡಿಗೆ ಅವರಿಗೆ ಮರೆತಿರಲಿಲ್ಲ.

ಕಾರವಾರದ ಕಡಲಿಂದ ಮುಂಬಯಿಗೆ ಹೋದವರ ಪಟ್ಟಿ ಮಾಡಹೊರಟರೆ ವಿಚಿತ್ರವಾದ ಒಂದು ತಂಡವನ್ನು ಮೊದಲಿಗೆ ಬರೆಯಬೇಕಾಗುತ್ತದೆ. ಬಿಣಗಾದ ಎದುರಿಗೆ ಅಂಜದೀವ ದ್ವೀಪವಿದೆ. ಮುಂಬಯಿ ಇಂಗ್ಲೆಂಡಿನ ರಾಜನಿಗೆ ಬಳುವಳಿಯಾಗಿ ಬಂದದ್ದು ಎಲ್ಲರಿಗೂ ಗೊತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಬಂದ ಸರ್ ಅಬ್ರಹಾಂ ಶಿಪ್‌ಮನ್ನನಿಗೆ ಪೋರ್ತುಗೀಜರು ಊರು ಒಪ್ಪಿಸಲಿಲ್ಲ. ಅವನು ಸುಮಾರು ನಾನೂರು ಸೈನಿಕರೊಂದಿಗೆ ಅಂಜದೀವದಲ್ಲಿ ಬಿಡಾರ ಹೂಡಿದ. ಸೆಕೆ, ಮಳೆ, ಜ್ವರ ಅವರನ್ನು ತಿಂದುಹಾಕಿದವು. ಶಿಪ್‌ಮನ್ 1664ರಲ್ಲಿ ಅಲ್ಲಿಯೇ ಸತ್ತ. 1665ರ ಫೆಬ್ರವರಿಯಲ್ಲಿ ಹಂಫ್ರಿ ಕುಕ್ ಎಂಬವನು ಮುಂಬಯಿಯನ್ನು ವಶಪಡಿಸಿಕೊಳ್ಳುವಾಗ ಅವನ ಜೊತೆ ಉಳಿದಿದ್ದವರು ನೂರರ ಆಸುಪಾಸು. ನಮ್ಮ ಕರಾವಳಿಯ ಬೇಸಿಗೆಯನ್ನು ಸುಖಿಸಲು ಬಾರದ ಜನ ಎಂದು ನಗಬಹುದಿತ್ತು, ಸತ್ತವರು ಅಷ್ಟೊಂದು ಇಲ್ಲದಿದ್ದರೆ.

ಮುಂದೆ ನಮ್ಮವರು ಹೋದದ್ದು ಬೇರೆ ರೀತಿ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಆಗಬೋಟು ಕಾರವಾರಕ್ಕೆ ಬರುತ್ತಿತ್ತು. ಹೊತ್ತುಗೊತ್ತು ನೋಡಿ ದೋಣಿಯಲ್ಲಿ ಹೋಗಿ ಅದನ್ನು ಹತ್ತಬೇಕು. ಇಲ್ಲದಿದ್ದರೆ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ, ಅಲ್ಲಿಂದ ರೈಲು. ಗೋವೆಯ ಮೂಲಕ ಹೋಗುವ ದಾರಿ ಹತ್ತಿರದ್ದಾದರೂ 1955ರಿಂದ 1961ರಲ್ಲಿ ಗೋವೆ ಬಿಡುಗಡೆಯಾಗುವವರೆಗೆ ಮಾಜಾಳಿಯ ಗಡಿ ಮುಚ್ಚಿತ್ತು. ಈ ಪ್ರಯಾಣದಲ್ಲಿ ತಿಂಗಳ ಲೆಕ್ಕ ಮುಖ್ಯ. ಪರೀಕ್ಷೆ ಮುಗಿಯುವುದು ಬೇಸಿಗೆಯ ಮೊದಲಲ್ಲಿ, ಫಲಿತಾಂಶ ಬರುವುದು ಮಳೆಯ ಹೊಸ್ತಿಲಲ್ಲಿ. ನಡುವಿನ ಆ ಎರಡು ತಿಂಗಳು ಹುಡುಗನಿಗೆ ಓದಿಲ್ಲ, ನೌಕರಿಯಿಲ್ಲ. ಜಿಲ್ಲೆಯಲ್ಲಿ ಕಾಲೇಜುಗಳಿಲ್ಲದ ಕಾಲದಲ್ಲಿ ಪಾಸಾದರೆ ಊರಲ್ಲಿ ಉಳಿಯುವುದೂ ಇಲ್ಲ. ಎಷ್ಟೋ ಮಂದಿಗೆ ಊರಿನಲ್ಲಿ ಪೂರ್ತಿಯಾಗಿ ಕಳೆದ ಕೊನೆಯ ಬೇಸಿಗೆ ಅದೇ. ಆಮೇಲೆ ಬರುವುದೆಲ್ಲ ಹದಿನೈದು ದಿನದ ರಜೆ, ಕೈಯಲ್ಲಿ ತಿರುಗಿ ಹೋಗುವ ಟಿಕೇಟು.

ಹಾಗೆ ಬಂದವರಲ್ಲಿ ಒಬ್ಬರಾದ ಯಶವಂತ ಚಿತ್ತಾಲರು (1928-2014) ಗೋಕರ್ಣದ ಬಳಿಯ ಹನೇಹಳ್ಳಿಯವರು. ಬದುಕಿನ ಬಹುಭಾಗ ಮುಂಬಯಿಯಲ್ಲಿ ಕಳೆದರೂ ಅವರ ಕಥೆಗಳ ನೆಲ ಮತ್ತೆ ಮತ್ತೆ ಹನೇಹಳ್ಳಿಯೇ. ಅಂಕೋಲೆಯ ಅಳಗೇರಿಯ ದಿನಕರ ದೇಸಾಯಿಯವರೂ ಮುಂಬಯಿಗೆ ಹೋಗಿ ದುಡಿದವರು. ಅವರ ಕೆನರಾ ವೆಲ್‌ಫೇರ್ ಟ್ರಸ್ಟ್ 1953ರಿಂದ ಜಿಲ್ಲೆಯ ಊರೂರಿಗೆ ಶಾಲೆ ತಂದಿತು. ಊರು ಬಿಡಬೇಕಾದ ಕಾರಣವನ್ನೇ ಕಡಿಮೆ ಮಾಡಲು ಹೊರಟ ಕೆಲಸ ಅದು.

ಇದುವರೆಗೆ ಹೇಳಿದ್ದು ಊರನ್ನು ಬಿಟ್ಟು ಹೋದವರ ಕಥೆ. ಅವರು ಹೋದರೂ ದಂಡೆ ಅಲ್ಲೇ ಇತ್ತು. ಮುಂದಿನ ಮೇ ತಿಂಗಳಿಗೆ ಕಾದಿತ್ತು. ಕಾರವಾರದ ತೆಂಕಣ ಮಗ್ಗುಲಿನ ಹಳ್ಳಿಗಳಲ್ಲಿ ಆದದ್ದು ಬೇರೆ.

1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಮುಂಬಯಿ ರೇವು ಕಿಕ್ಕಿರಿದಿತ್ತು. ನೌಕಾಪಡೆಗೆ ಪಡುವಣ ಕಡಲಲ್ಲಿ ಗುಡ್ಡದ ಮರೆ, ಆಳದ ನೀರು, ಮುಂದೆ ದ್ವೀಪಗಳ ಕಾವಲು ಇರುವ ಜಾಗ ಬೇಕಿತ್ತು. ನೂರಿಪ್ಪತ್ತು ವರ್ಷದ ಹಿಂದೆ ಹತ್ತಿಯ ವ್ಯಾಪಾರಿಗಳು ಕಂಡಿದ್ದ ಗುಣಗಳೇ ಇವು. ಹಣದ ಅಡಚಣೆಯಿಂದ ಕೆಲಸ ವರ್ಷಗಟ್ಟಲೆ ಕುಂಟಿತು. ಕೊನೆಗೆ 2005ರ ಮೇ 31ರಂದು, ಅದೂ ಒಂದು ಬೇಸಿಗೆಯ ಕೊನೆಯ ದಿನ, ಬನವಾಸಿಯ ಕದಂಬರ ಹೆಸರಿನಲ್ಲಿ ಐ.ಎನ್.ಎಸ್. ಕದಂಬ ಸೇವೆಗೆ ಸೇರಿತು. ದೇಶಕ್ಕೆ ಅದು ಬೇಕಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದಕ್ಕಾಗಿ ಅರಗಾ, ಬಿಣಗಾ, ಅಲಿಗದ್ದಾ ಮೊದಲಾದ ಹಳ್ಳಿಗಳ ಜಮೀನು ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಏಳಬೇಕಾಯಿತು. ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ನಡೆದವು.

ಅಡಿಗಲ್ಲಿನಿಂದ ಒಕ್ಕಲೇಳುವವರೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಹಳ್ಳಿಗಳು ಹೋಗುವುದು ಖಚಿತ, ಯಾವಾಗ ಎಂಬುದು ತಿಳಿಯದು ಎಂಬ ಸ್ಥಿತಿಯಲ್ಲಿದ್ದವು. ಮನೆಗೆ ಹೊಸ ಹೆಂಚು ಹೊದಿಸಬೇಕೋ ಬೇಡವೋ? ಈಗ ನೆಟ್ಟ ತೆಂಗಿನ ಸಸಿಯಲ್ಲಿ ಕಾಯಿ ಬಿಡುವಾಗ ನಾವಿರುತ್ತೇವೆಯೋ ಇಲ್ಲವೋ? ಪ್ರತಿ ಬೇಸಿಗೆಯೂ ಕೊನೆಯದಿರಬಹುದು ಎಂದುಕೊಂಡು ಒಂದಾದ ಮೇಲೊಂದು ಹತ್ತಾರು ಬೇಸಿಗೆ ಕಳೆಯುವುದು ಎಂಥದು ಎಂಬುದನ್ನು ಮೆಟ್ರಿಕ್ ಹುಡುಗನ ಎರಡು ತಿಂಗಳಿನ ಜೊತೆ ಹೋಲಿಸಲಾಗದು. ಅವನು ಫಲಿತಾಂಶಕ್ಕೆ ಕಾದಿದ್ದ. ಇವರು ನೋಟೀಸಿಗೆ ಕಾದರು.

ಬಿಣಗಾ ದಾಟಿ ಹೆದ್ದಾರಿ ಗುಡ್ಡ ಹತ್ತುವಲ್ಲಿ ಕೆಳಗೆ ಅರಗಾದ ಕೊಲ್ಲಿ ಕಾಣುತ್ತದೆ. ಹಿಂದೆ ಬಸ್ಸಿನಲ್ಲಿ ಬರುವವರು ಕಿಟಕಿಗೆ ಮುಖವಿಟ್ಟು ಕಾದಿರುತ್ತಿದ್ದ ನೋಟವದು. ಈಗ ದಂಡೆ ನೌಕಾನೆಲೆಯ ಆವರಣದೊಳಗಿದೆ. ಅಂಜದೀವದಲ್ಲಿ ಪೋರ್ತುಗೀಜರ ಕಾಲದ ಮೇರಿ ಮಾತೆಯ ಇಗರ್ಜಿಯಿದೆ. ಅದರ ಫೆಬ್ರವರಿ 2ರ ಹಬ್ಬಕ್ಕೆ ಗೋವೆಯ, ಕಾರವಾರದ ಕ್ರೈಸ್ತರು ದೋಣಿ ಕಟ್ಟಿಕೊಂಡು ಹೋಗುತ್ತಿದ್ದರು. ಭದ್ರತೆಯ ಕಾರಣದಿಂದ ಅದೂ ನಿಂತಿತು.

ಒಕ್ಕಲೆದ್ದವರಿಗೆ ತೋಡೂರು, ಮುದಗಾ, ಅಮದಳ್ಳಿ, ಚಿತ್ತಾಕುಲಗಳಲ್ಲಿ ನಿವೇಶನ ಸಿಕ್ಕಿತು. ಮನೆ ಹೋದರೆ ಮನೆ ಕಟ್ಟಬಹುದು. ದಂಡೆಯ ಆಟಗಳನ್ನು ಗುಡ್ಡದ ಬುಡದ ಕಾಲನಿಗೆ ತರುವುದು ಹೇಗೆ? ಹೋದದ್ದರ ಪಟ್ಟಿಯಲ್ಲಿ ತೆಂಗಿನ ಮರಕ್ಕೆ ಬೆಲೆ ಕಟ್ಟಿದರು, ಬಾವಿಗೆ ಕಟ್ಟಿದರು. ಸಂಜೆ ದೋಣಿಯ ನೆರಳಲ್ಲಿ ಕೂರುವ ಜಾಗಕ್ಕೆ ಆ ಪಟ್ಟಿಯಲ್ಲಿ ಕಾಲಮ್ಮು ಇರಲಿಲ್ಲ.

ಪೇಟೆಯ ಎದುರಿನ ದಂಡೆ ಮಾತ್ರ ಉಳಿದಿದೆ. ಅದಕ್ಕೆ ಈಗ ರವೀಂದ್ರನಾಥ ಠಾಕೂರರ ಹೆಸರು. ಸೇವೆಯಿಂದ ನಿವೃತ್ತವಾದ 'ಚಪಲ್' ಎಂಬ ಕ್ಷಿಪಣಿ ಹಡಗನ್ನು ಹೊಯ್ಗೆಯ ಮೇಲೆ ತಂದು ನಿಲ್ಲಿಸಿ ಸಂಗ್ರಹಾಲಯ ಮಾಡಿದ್ದಾರೆ. ಮಕ್ಕಳು ಸಾಲುಗಟ್ಟಿ ಹತ್ತುತ್ತಾರೆ. 1998ರಿಂದ ಕೊಂಕಣ ರೈಲ್ವೆಯಲ್ಲಿ ಮುಂಬಯಿಯಿಂದ ಒಂದು ರಾತ್ರಿಯ ಪ್ರಯಾಣ. ಅಜ್ಜನಿಗೆ ಎರಡು ದಿನ ಹಿಡಿದ ದಾರಿ ಮೊಮ್ಮಗನಿಗೆ ಒಂದು ನಿದ್ದೆ. ಬಂದವರು ಹಡಗು ನೋಡಿ, ಐಸ್ಕ್ರೀಮು ತಿಂದು, ಮರುದಿನ ಗೋಕರ್ಣಕ್ಕೆ ಹೋಗುತ್ತಾರೆ. ಹೋಗುವ ಮೊದಲು ಒಂದು ಸಂಜೆ ಕೋಡಿಬಾಗದ ಕಡೆ ನಡೆದು, ಇಳಿತವೆಷ್ಟು ಹೊತ್ತಿಗೆಂದು ಅಲ್ಲಿಯ ಯಾರನ್ನಾದರೂ ಕೇಳಿ ನೋಡಬಹುದು. ಚಿಪ್ಪಿಕಲ್ಲಿನ ಬುಟ್ಟಿ ಹಿಡಿದ ಹೆಂಗಸರು ಗಡಿಯಾರ ನೋಡದೆ ಹೇಳುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೇ ಕೊನೆಯ ವಾರದಲ್ಲಿ ಬೈತಕೋಲದಲ್ಲೂ ಮುದಗಾದಲ್ಲೂ ಬಲೆಗಳನ್ನು ಬಿಚ್ಚಿ, ಒಣಗಿಸಿ, ಮಡಚಿ ಇಡುತ್ತಾರೆ. ಮುದಗಾದಲ್ಲಿ ಹಾಗೆ ಬಲೆ ಮಡಚುವವರಲ್ಲಿ ಮೊದಲು ಅರಗಾದ ದಂಡೆಯಲ್ಲಿ ಮಡಚುತ್ತಿದ್ದವರೂ ಇದ್ದಾರೆ.